ಕಾಯದ ಎಣ್ಣೆ

ತೊಂದರೆ ಶುರುವಾದದ್ದು ಮ್ಯಾನೇಜರರ ಒಂದು ಮಾತಿನಿಂದ: "ಇವತ್ತು ಎಲ್ಲರಿಗೂ ಊಟ ಹೊಸ ಜಪಾನಿ ಫ್ಯೂಷನ್ ಹೋಟೆಲಿನಲ್ಲಿ. ಹಿಡಿಸಿದ್ರೆ ಮುಂದಿನ ತಿಂಗಳಿಂದ ನಮ್ಮ ಆಫೀಸ್ ಕ್ಯಾಂಟೀನ್ ಅವರಿಗೇ."

ಹದಿನೆಂಟು ವರ್ಷ ಆ ಕ್ಯಾಂಟೀನಿನ ಒಲೆಯ ಮುಂದೆ ನಿಂತ ಅಡುಗೆಯವನಿಗೆ ಮೈಯೆಲ್ಲ ಉರಿಯಿತು. ಆದರೂ ಹೋದ. ತನ್ನ ಕೆಲಸ ಕಿತ್ತುಕೊಳ್ಳುವವರ ಕೈರುಚಿಯನ್ನಾದರೂ ನೋಡಬೇಕಲ್ಲ.

ಅಗಲವಾದ ಕಪ್ಪು ಕಲ್ಲಿನ ತಟ್ಟೆಗಳು ಬಂದವು. ಒಂದೊಂದರ ನಡುವೆಯೂ ಊರು ಬಿಟ್ಟು ಓಡಿಬಂದವರಂತೆ ಮುದುಡಿ ಕೂತ ಎರಡೆರಡು ತುಂಡು ಮೀನು.

"ಇದು ತಿನ್ನೋಕಾ, ನೋಡೋಕಾ?" ಎಂದಳು ಟೈಪಿಸ್ಟ್.

"ಹಸಿ ಕಣ್ರೀ," ಎಂದು ಲೆಕ್ಕಿಗ ಮೂಗು ಮುರಿದ. "ಅಣ್ಣಾ, ಇದಕ್ಕಿಂತ ನಿಮ್ಮ ಅಡುಗೆನೇ ವಾಸಿ. ಬೈಕೊಂಡಾದ್ರೂ ತಿನ್ಬಹುದು."

ಮ್ಯಾನೇಜರ್ ತಟ್ಟೆಯನ್ನು ಆಚೆ ತಳ್ಳಿದರು. "ಹುರಿದದ್ದು ತರಲಿ. ಅದೂ ಹೀಗೇ ಇದ್ರೆ ಇವರ ಸಹವಾಸವೇ ಬೇಡ."

ಅಡುಗೆಯವನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಅವನ ಕಣ್ಣು, ಅವನು ಕೂತಲ್ಲಿಂದ ಮಾತ್ರ ಕಾಣುತ್ತಿದ್ದ ಗಾಜಿನಾಚೆಯ ಅಡುಗೆಮನೆಯ ಮೇಲೆ ಬಿತ್ತು. ಎತ್ತರದ ಬಿಳಿ ಟೋಪಿಯವನೊಬ್ಬ ಕಾಯದ ಎಣ್ಣೆಗೆ ಮೀನು ಬಿಟ್ಟ. ಅಡುಗೆಯವನು ಹಲ್ಲು ಕಚ್ಚಿದ. ಟೋಪಿಯವನು ಅದನ್ನು ಮಗುಚಿದ, ಮತ್ತೆ ಮಗುಚಿದ. ಮೀನು ಪುಡಿಯಾಯಿತು.

"ಕೈ ತೊಳೆದು ಬರ್ತೀನಿ," ಎಂದು ಇವನು ಎದ್ದ.

"ಸಾರ್, ಒಳಗೆ ಬರೋ ಹಾಗಿಲ್ಲ..." ಎಂದು ಅಡುಗೆಮನೆಯ ಬಾಗಿಲಲ್ಲಿ ಟೋಪಿಯವನು ತಡೆದ.

"ಯಾರಯ್ಯಾ ನಿನ್ನ ಕೈಗೆ ಸೌಟು ಕೊಟ್ಟಿದ್ದು? ಎಣ್ಣೆ ಬಿಸಿಯಾಗೋತನಕ ನಿಲ್ಲೋಕಾಗದವನಿಗೆ ಟೋಪಿ ಬೇರೆ. ಸರಿ ಆಚೆ."

ಈರುಳ್ಳಿ ಕೆಂಪಗಾಯಿತು, ಮೆಣಸು ಸಿಡಿಯಿತು. ಪ್ರತಿ ಮಂಗಳವಾರ ಅವನು ಕ್ಯಾಂಟೀನಿನಲ್ಲಿ ಮಾಡುವ, ಎಲ್ಲರೂ ಅರ್ಧ ಬಿಟ್ಟು ಏಳುವ ಅದೇ ಮೀನು. ಸಿಟ್ಟಿನಲ್ಲೇ ಎಲ್ಲರಿಗಾಗುವಷ್ಟು ಹುರಿದಿಟ್ಟು, ಬೆವರೊರೆಸಿಕೊಂಡು ಬಂದು ಕೂತ. ಆಗಷ್ಟೇ ಅವನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು.

ಹಿಂದೆಯೇ ಕಲ್ಲಿನ ತಟ್ಟೆಗಳು ಬಂದವು, ಮೀನಿನ ಮೇಲೆ ಒಂದೊಂದು ಹೂವಿನ ಎಸಳು. ಮಾತು ನಿಂತಿತು. ತನ್ನ ಅಡುಗೆಯ ಮುಂದೆ ಇಂಥ ಮೌನವನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಲೆಕ್ಕಿಗ ಕಲ್ಲಿನ ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿದ.

ಮ್ಯಾನೇಜರ್ ಟೋಪಿಯವನನ್ನು ಕರೆಸಿ ಕೈ ಕುಲುಕಿದರು. ಅವನು ಸೊಂಟ ಬಗ್ಗಿಸಿ ನಮಿಸಿದ.

"ಅದನ್ನ ಮಾಡಿದ್ದು ನಾನು ಸಾರ್," ಎಂದ ಅಡುಗೆಯವನು.

"ಹೊಟ್ಟೆಯುರಿ ಇರುತ್ತೆ ಬಿಡಿ ಅಣ್ಣಾ," ಎಂದು ಟೈಪಿಸ್ಟ್ ಅವನ ಭುಜ ತಟ್ಟಿದಳು.

ಮ್ಯಾನೇಜರ್ ಒಪ್ಪಂದಕ್ಕೆ ರುಜು ಹಾಕಿ, ಪೆನ್ನು ಜೇಬಿಗೆ ಸಿಕ್ಕಿಸಿದರು.

"ನೋಡಿ," ಎಂದರು ಮೆಲ್ಲಗೆ, "ಇಷ್ಟು ವರ್ಷದಲ್ಲಿ ಒಂದೇ ಒಂದು ದಿನ ಇಂಥ ಮೀನು ಮಾಡಿ ಹಾಕಿದ್ರೆ, ನಿಮ್ಮನ್ನ ನಾನು ಕಳಿಸ್ತಿದ್ನಾ?"