ಎಮ್ಮೆ ಹುಡುಕಲು ಮಿಸ್ಡ್ ಕಾಲ್

ಯೋಜನೆ ಹಾಕುವುದೂ ಒಂದು ಚಟವೇ. ಬೀಡಿ ಬಿಟ್ಟವರನ್ನು, ಎಲೆಅಡಿಕೆ ಬಿಟ್ಟವರನ್ನು ನಾನು ಕಂಡಿದ್ದೇನೆ; ಈ ಚಟ ಬಿಟ್ಟವರನ್ನು ಮಾತ್ರ ಕಂಡಿಲ್ಲ. ನನಗಿದು ಮೇಷ್ಟರ ಕೆಲಸದಲ್ಲಿ ಅಂಟಿಕೊಂಡದ್ದು. ತರೀಕೆರೆಯ ಶಾಲೆಯಲ್ಲಿದ್ದಾಗ ಯಾರದೋ ಬೀಳ್ಕೊಡುಗೆ ಊಟಕ್ಕೆ, "ಒಬ್ಬೊಬ್ಬರು ಒಂದೊಂದು ಅಡುಗೆ ತನ್ನಿ. ಏನು ತರುತ್ತೀರೆಂದು ಯಾರೂ ಯಾರಿಗೂ ಹೇಳಬೇಡಿ, ಆಶ್ಚರ್ಯವಾಗಿರಲಿ" ಎಂದು ಅಪ್ಪಣೆ ಕೊಡಿಸಿದೆ. ಒಂಬತ್ತು ಜನ ಒಂಬತ್ತು ಡಬ್ಬಿ ತಂದರು. ಒಂಬತ್ತರಲ್ಲೂ ಮೊಸರನ್ನ. ಆಶ್ಚರ್ಯವೇನೋ ಆಯಿತು, ನನಗೆ ಬುದ್ಧಿ ಬರಲಿಲ್ಲ. ನಿವೃತ್ತನಾಗಿ ಸಿಂಗಟಗೆರೆ ಕಡೆಯ ನಮ್ಮ ಹೊಲದ ಮನೆಗೆ ಬಂದು ಕೂತ ಮೇಲೆ ನನ್ನ ಯೋಜನೆ ಕೇಳಲು ಹೆಂಡತಿ ಜಯಮ್ಮ ಒಬ್ಬಳೇ ಉಳಿದಳು. ಅವಳು ಕೇಳುವುದಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ನೋಡಿದರೆ ನಮ್ಮ ಎಮ್ಮೆ ಗೂಟ ಕಿತ್ತುಕೊಂಡು ಹೋಗಿದೆ. ಚೊಚ್ಚಲು, ತುಂಬು ಗಬ್ಬ, ಇವತ್ತೋ ನಾಳೆಯೋ ಈಯುವಂತಿತ್ತು. ಕರುವಾಗಿದ್ದಾಗಿನಿಂದ ಅದನ್ನು ಸಾಕಿದ ಜಯಮ್ಮ ಗೂಟ ಕಿತ್ತ ಗುಂಡಿಯನ್ನು ಬಗ್ಗಿ ನೋಡಿದಳು. ಆಮೇಲೆ, "ನಾಯಿ ಕಾಟ ಬೇರೆ. ಎಲ್ಲಾದ್ರೂ ಒಂಟಿಯಾಗಿ ಈದ್ಬಿಟ್ರೆ ಕರು ಉಳಿಯಲ್ಲ ಕಣ್ರೀ" ಎಂದಳು. ಸಖರಾಯಪಟ್ಟಣದಿಂದ ಬಂದಿದ್ದ ಅವಳ ತಮ್ಮ ರುದ್ರೇಶ ಆಗಲೇ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದಿದ್ದ. ನಾನು ಇಬ್ಬರನ್ನೂ ನಿಲ್ಲಿಸಿದೆ.

ಜಯಮ್ಮ ಗುಡ್ಡ, ರುದ್ರೇಶ ತೆಂಗಿನ ತೋಟಗಳು, ನಾನು ಕೆರೆ ಅಂಗಳ ಎಂದು ಹಂಚಿದೆ. ನಮ್ಮ ಕಡೆ ಫೋನಿನಲ್ಲಿ ಮಾತು ನಿಲ್ಲುವುದಿಲ್ಲ. ಹಲೋ ಎನ್ನುವಷ್ಟರಲ್ಲಿ ಕಡಿದುಹೋಗುತ್ತದೆ. ರಿಂಗು ಮಾತ್ರ ಹೇಗೋ ತಲುಪುತ್ತದೆ. ಆದ್ದರಿಂದ ಒಂದು ಮಿಸ್ಡ್ ಕಾಲ್ ಎಂದರೆ 'ಸಿಕ್ಕಿತು, ಬನ್ನಿ'. ಎರಡು ಎಂದರೆ 'ಇಲ್ಲಿಲ್ಲ, ನಿಮ್ಮ ಕಡೆ ಹುಡುಕಿ'.

"ಸಿಕ್ಕಿದ್ರೆ ಕೂಗಿದ್ರೆ ಆಗಲ್ವಾ ಭಾವ?" ಎಂದ ರುದ್ರೇಶ.

"ಇದಕ್ಕೆಲ್ಲ ಒಂದು ಪದ್ಧತಿ ಅಂತ ಇರ್ತದೆ ಕಣೋ" ಎಂದೆ. ಅಷ್ಟರಲ್ಲಿ ಜಯಮ್ಮ ಬೇಲಿ ದಾಟಿದ್ದಳು.

ಕೆರೆ ಅಂಗಳದ ಜಾಲಿ ಮೆಳೆಗಳಲ್ಲಿ ಅರ್ಧವೂ ನೋಡಿರಲಿಲ್ಲ, ಜೇಬು ನಡುಗಿತು. ಜಯಮ್ಮನ ರಿಂಗು. ಇನ್ನೊಂದಕ್ಕೆ ಕಾದೆ, ಬರಲಿಲ್ಲ. ಸಿಕ್ಕಿತು! ಹುಡುಕುವುದನ್ನು ಅಲ್ಲಿಗೇ ಬಿಟ್ಟು ಗುಡ್ಡದ ಕಡೆ ಓಡಿದೆ. ನನ್ನ ವಯಸ್ಸಿಗೆ ಯಾವುದನ್ನು ಓಟ ಎನ್ನಬಹುದೋ ಅದನ್ನು. ದಾರಿಯಲ್ಲಿ ತೋಟದ ಬದುವಿನ ಮೇಲೆ ರುದ್ರೇಶ ಕಂಡ.

"ಬಾರೋ, ಸಿಕ್ತಂತೆ!"

"ಇಲ್ಲ ಭಾವ, ಅಕ್ಕ ಎರಡು ರಿಂಗ್ ಕೊಟ್ಳು."

"ಒಂದು ಕಣೋ."

"ನಂಗೆ ಎರಡು ಬಂತು."

ಜಯಮ್ಮ ಇಬ್ಬರಿಗೂ ಎರಡೆರಡು ಸಲ ರಿಂಗ್ ಕೊಟ್ಟಿದ್ದಾಳೆ, ನನಗೆ ಬರಬೇಕಾದ ಎರಡನೆಯದು ಗಾಳಿಯಲ್ಲೇ ಸತ್ತಿದೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಮೇಷ್ಟರು, ಯೋಜನೆ ನನ್ನದು, ಆದ್ದರಿಂದ ನನ್ನ ಲೆಕ್ಕವೇ ಸರಿ ಎಂದು ತೀರ್ಮಾನಿಸಿ ಅವನನ್ನೂ ಎಳೆದುಕೊಂಡು ಗುಡ್ಡ ಹತ್ತಿದೆ.

ಗುಡ್ಡದ ಮೇಲೆ ಜಯಮ್ಮನೂ ಇಲ್ಲ, ಎಮ್ಮೆಯೂ ಇಲ್ಲ. ರುದ್ರೇಶ ಹಣೆಗೆ ಕೈ ಅಡ್ಡ ಹಿಡಿದು ಕೆಳಗೆ ನೋಡಿ, "ಅಗೋ ಭಾವ, ನಿಮ್ಮ ಕೆರೆ" ಎಂದ. ನಾನು ನೋಡದೆ ಬಿಟ್ಟುಬಂದಿದ್ದ ಮೆಳೆಯ ಪಕ್ಕದಲ್ಲೇ ಎಮ್ಮೆ ಮಲಗಿತ್ತು. ಗುಡ್ಡ ನೋಡಿ ಮುಗಿಸಿ ಆಚೆಯಿಂದ ಇಳಿದಿದ್ದ ಜಯಮ್ಮ ಅದರ ಹತ್ತಿರ ನಿಂತು ನಮ್ಮತ್ತ ಸೆರಗು ಬೀಸುತ್ತಿದ್ದಳು.

ಎದ್ದು ಬಿದ್ದು ಇಳಿದು ಹೋದೆವು. ದೂರದಲ್ಲಿ ಎರಡು ನಾಯಿಗಳು ಹೊಂಚು ಹಾಕಿ ಕೂತಿದ್ದವು. ಕರು ಆಗಲೇ ನೆಲಕ್ಕೆ ಬಿದ್ದು, ತಾಯಿ ಅದರ ಮೈ ನೆಕ್ಕುತ್ತಿತ್ತು. "ಒಂದು ಕಾಲು ಮಡಚ್ಕೊಂಡು ಸಿಕ್ಕಾಕ್ಕೊಂಡಿತ್ತು. ನಾನೇ ಸರಿ ಮಾಡಿ ಎಳ್ದೆ" ಎಂದಳು ಜಯಮ್ಮ. ಮೊಳಕೈವರೆಗೂ ಒದ್ದೆಯಾಗಿದ್ದ ಕೈಯನ್ನು ಹುಲ್ಲಿಗೆ ಒರೆಸಿಕೊಂಡಳು. ನಾನು ಕಲ್ಲೆತ್ತಿ ನಾಯಿಗಳತ್ತ ಬೀಸಿದೆ. ಅವತ್ತು ನನ್ನಿಂದ ಆದ ಉಪಕಾರ ಅದೊಂದೇ.

ಕರುವನ್ನು ಟವೆಲಿನಲ್ಲಿ ಸುತ್ತಿ ರುದ್ರೇಶ ಹೆಗಲಿಗೇರಿಸಿಕೊಂಡ. ಎಮ್ಮೆ ಹಿಂದೆಯೇ ಬಂತು. ಕೆರೆ ಏರಿ ಹತ್ತುತ್ತಲೇ ನನ್ನ ಫೋನಿಗೆ ಜೀವ ಬಂದು ಸಂದೇಶವೊಂದು ಇಳಿಯಿತು: ಜಯಮ್ಮನಿಂದ ಹನ್ನೊಂದು ಮಿಸ್ಡ್ ಕಾಲ್.

"ಅಲ್ಲ ಕಣೇ, ಹನ್ನೊಂದಕ್ಕೆ ನಾವು ಅರ್ಥಾನೇ ಇಟ್ಟಿರಲಿಲ್ಲವಲ್ಲ?" ಎಂದೆ.

ಅವಳು ಕರುವಿನ ಮೇಲಿಂದ ಕಣ್ಣು ತೆಗೆಯದೆ, "ನೀವು ಇಟ್ಟಿರ್ಲಿಲ್ಲ. ನಾನು ಇಟ್ಟಿದ್ದೆ. ಮನೆಗೆ ನಡೀರಿ, ಹೇಳ್ತೀನಿ" ಎಂದಳು.

ಹೇಳಿದಳು. ಹನ್ನೊಂದಕ್ಕೂ ಬೇರೆ ಬೇರೆ ಅರ್ಥವಿತ್ತು. ಎಲ್ಲವೂ ನನ್ನನ್ನೇ ಕುರಿತವು.