ಬಾಗಿಲಿಗೆ ಬಂದ ಅಜ್ಜಾರು

ಧರ್ಮ ಹೇಳಲು ಹೋಗುವವರಿಗೆ ಓದು ಬೇಕು ಅಂತಾರೆ. ನನ್ನ ಕೇಳಿದರೆ ಮೊದಲು ಗಟ್ಟಿ ಮೊಣಕಾಲು ಬೇಕು. ಅಡ್ಡ ಬಿದ್ದ ಮೇಲೆ ಏಳಬೇಕಲ್ಲ! ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಲಕ್ಷ್ಮೇಶ್ವರದ ನಮ್ಮ ಮಠದಲ್ಲಿ ಮಕ್ಕಳಿಗೆ ಲಿಂಗಪೂಜೆ, ವಚನ ಹೇಳಿಕೊಡುವುದು ನಾನೇ. ಮಕ್ಕಳು ನನಗೆ ಹೆದರುತ್ತಾರೆ, ನನ್ನ ವಿದ್ಯೆ ಅಷ್ಟೇ. ಹೋದ ವರ್ಷ ಇಂಗ್ಲೆಂಡಿನ ಕನ್ನಡದ ಮಂದಿ, ಶಾಲೆಯ ಸೂಟಿಯಲ್ಲಿ ತಮ್ಮ ಮಕ್ಕಳಿಗೂ ಕಲಿಸಲು ಯಾರನ್ನಾದರೂ ಕಳಿಸಿರೆಂದು ಮಠಕ್ಕೆ ಕೇಳಿಕೊಂಡರು. ಇಂಗ್ಲಿಷ್ ಬಲ್ಲವರಿಗೆ ರಜೆ ಸಿಗಲಿಲ್ಲ. ನನಗೆ ಯಾರ ರಜೆ ಬೇಕು? ಹೊರಟೆ.

ಅಲ್ಲಿ ಇಳಿದದ್ದು ನಮ್ಮ ಮುಂಡರಗಿ ಕಡೆಯಿಂದ ಹೋಗಿ ನೆಲೆಸಿದ ಗಿರಿಜಾಳ ಮನೆಯಲ್ಲಿ. ಪಾಪ, ಮನೆ ಮನೆ ತಿರುಗಿ ಮಕ್ಕಳನ್ನು ಕೂಡಿಸಿದ್ದಳು. "ಆಯಿ, ಮೊದಲನೇ ದಿನ ತಾಯಂದಿರು ನಿಮ್ಮನ್ನ ನೋಡಾಕ ಬರ್ತಾರ್ರಿ. ಅವರ ಮನಸಿಗೆ ಬರಲಿಲ್ಲಂದ್ರ ಮಕ್ಕಳನ್ನ ಕಳಸೂದಿಲ್ಲ" ಎಂದಳು. ಕನ್ಯಾ ತೋರಿಸಲು ಕೂಡಿಸಿದಾಗಲೂ ನನ್ನ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ. ಮನೆಗೆ ಬಂದವರನ್ನು ಹೇಗೆ ಕಾಣಬೇಕು ಅನ್ನುವುದರ ಮೇಲೆ ಒಂದು ಭಾಷಣ ಬಾಯಿಪಾಠ ಮಾಡಿದೆ.

ಆ ಮುಂಜಾನೆ ಗಿರಿಜಾ ತಾಯಂದಿರನ್ನು ಕರೆತರಲು ಹೋಗಿದ್ದಳು. ಬಾಗಿಲ ಗಂಟೆ ಬಾರಿಸಿದ ಸದ್ದಾಯಿತು. ಬಾಗಿಲು ತೆಗೆದರೆ ಮೈತುಂಬ ಕಾವಿ! ನುಣ್ಣಗೆ ಬೋಳಿಸಿದ ತಲೆ, ಎದೆಯುದ್ದ ಗಡ್ಡ. ನಮ್ಮ ಕಡೆ ಅಜ್ಜಾರು, ಅಂದರೆ ಸ್ವಾಮಿಗಳು, ಬಾಗಿಲಿಗೆ ಬಂದರೆ ಯಾವ ಮಠದವರೆಂದು ಕೇಳುವುದಿಲ್ಲ, ಮೊದಲು ಅಡ್ಡ ಬೀಳುತ್ತೇವೆ. ಬಿದ್ದೆ. "ಅಜ್ಜಾರ, ಒಳಗ ಬರ್ರಿ" ಎಂದೆ. ಪಾದ ತೊಳೆಯಲು ತಂಬಿಗೆ ನೀರು ತಂದರೆ ಅವರು ಹಿಂದೆ ಸರಿದು ಎರಡೂ ಕೈ ಆಡಿಸಿದರು. ಪಾದ ತೊಳೆಯಲು ಹೋದಾಗ ಬ್ಯಾಡ ಬ್ಯಾಡ ಅನ್ನದ ಸ್ವಾಮಿಗಳನ್ನು ನಾನಂತೂ ಕಂಡಿಲ್ಲ. ಇವರು ಬೇಡವೆಂದಷ್ಟೂ ನನ್ನ ಕಣ್ಣಿಗೆ ದೊಡ್ಡವರಾಗುತ್ತ ಹೋದರು. ಕಾಲಲ್ಲಿ ಬೂಟು ಇತ್ತು, ಖರೆ. ಚಳಿದೇಶ, ಇಲ್ಲಿಯ ಮಠಗಳಲ್ಲಿ ನಡೆಯುತ್ತದೇನೋ ಅಂದುಕೊಂಡು ತುಂಬಿದ ತಂಬಿಗೆಯನ್ನು ಅದರ ಮೇಲೆಯೇ ಸುರಿದೆ.

ತೊಯ್ದ ಬೂಟು ಕಳಚಿ, ಅಂಜುತ್ತ ಮಣೆಯ ಮೇಲೆ ಕುಳಿತರು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದೆ. ಅಷ್ಟರಲ್ಲಿ ಗಿರಿಜಾ, ತಾಯಂದಿರು, ಮಕ್ಕಳು ಎಲ್ಲ ಬಾಗಿಲಲ್ಲಿ.

"ನಿಂತು ಏನ ನೋಡ್ತೀರಿ? ಅಜ್ಜಾರಿಗೆ ಅಡ್ಡ ಬೀಳ್ರಿ!" ಎಂದೆ.

ಗಿರಿಜಾಳ ಸಣ್ಣ ಮಗಳು ನಕ್ಕಳು. "ಆಯಿ, ಇವರು ಕಸದ ಗಾಡಿ ಅಂಕಲ್! ಅದು ಕಾವಿ ಅಲ್ಲ, ಅವರ ಯೂನಿಫಾರ್ಮ್!"

ಗಿರಿಜಾ ಅವನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ನನ್ನ ಕಡೆ ತಿರುಗಿದಳು. "ಅಡಗಿಮನಿ ಕಸ ನೀವು ಬರೇ ಕಾಗದ ಹಾಕೂ ಡಬ್ಬ್ಯಾಗ ಹಾಕೀರಂತ ಆಯಿ. ಅದನ್ನ ಹೇಳಾಕ ಬಂದಾರ."

"ಕಸ ಹಾಕಾಕ ಬರೂದಿಲ್ಲ, ಇವರೇನ ನಮ್ಮ ಮಕ್ಕಳಿಗೆ ಧರ್ಮ ಕಲಸ್ತಾರ?" ಎಂದು ಒಬ್ಬ ತಾಯಿ ಕನ್ನಡದಲ್ಲೇ ಪಿಸುಗುಟ್ಟಿದಳು. ಗಿರಿಜಾಳ ಮುಖ ಸಣ್ಣದಾಯಿತು. ಆತ ಏನೋ ತಿಳಿದವನಂತೆ ರೊಟ್ಟಿ ಕೆಳಗಿಟ್ಟು ಎದ್ದ.

ನನಗೆ ನಾಚಿಕೆಗಿಂತ ಸಿಟ್ಟೇ ಮೊದಲು ಬಂತು. "ಅರ್ಧ ಊಟದಾಗ ಎಬ್ಬಸ್ತೀರೇನು? ಗಿರಿಜಾ, ಕುಂಡ್ರಸು ಅವನನ್ನ, ಚಟ್ನಿ ಹಾಕು" ಎಂದೆ. ಆತ ಮೂರು ರೊಟ್ಟಿ ತಿಂದು ಹೋದ. ಭಾಷಣ ಹೊಟ್ಟೆಯಲ್ಲೇ ಉಳಿಯಿತು.

ಮುಂದಿನ ವಾರ ಯಾರೂ ಬರುವುದಿಲ್ಲವೆಂದು ಪೆಟ್ಟಿಗೆ ತುಂಬಿಸಿ ಕೂತಿದ್ದೆ. ಒಬ್ಬರೂ ತಪ್ಪದೆ ಬಂದರು, ಪಿಸುಗುಟ್ಟಿದವಳ ಮಗನೂ ಬಂದ. ಹಿಗ್ಗಿ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. "ಅದು ಆಮ್ಯಾಲೆ ಆಯಿ, ಗಾಡಿ ಬಂತು!" ಎಂದು ಮಕ್ಕಳು ತಂಬಿಗೆ ಹಿಡಿದು ಬಾಗಿಲಿಗೆ ಓಡಿದವು. ಆತ ಈ ಸಲ ಬೂಟು ತಾನೇ ಕಳಚಿ ನಿಂತಿದ್ದ. ಪಕ್ಕದಲ್ಲಿ ಅದೇ ಕಾವಿಯ ಇನ್ನೊಬ್ಬ, ಕಾಲುಚೀಲ ಎಳೆದು ತೆಗೆಯುತ್ತಿದ್ದ. ಆ ವಾಸನೆ!

ತಿಳಿಯದೆ ನೀರು ಹಾಕಿದಾಗ ಭಕ್ತಿ ಉಕ್ಕಿತ್ತು. ಈಗ ಎಲ್ಲ ತಿಳಿದಿತ್ತು, ಮೇಲೆ ಮಕ್ಕಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದವು. ಮೊಣಕಾಲೂರಿ ಕುಳಿತೆ. ಮೂಗು ಮುಚ್ಚಿಕೊಳ್ಳೋಣವೆಂದರೆ ಪಾದ ನಾಲ್ಕು, ನನ್ನ ಕೈ ಎರಡೇ.