ನಮ್ಮ ಮನೆ ಹುಡುಗಿ ಲವ್ ಮಾಡಿಲ್ಲ ಸ್ವಾಮಿ!

ವೀಸಾ ಎಂಬ ಪದಾರ್ಥ ನಮ್ಮ ಕಾಡಿನ ಜಿಗಣೆಯ ಹಾಗೆ. ಹತ್ತಿದ್ದು ಗೊತ್ತಾಗುವುದಿಲ್ಲ, ಬಿಡಿಸಿಕೊಳ್ಳುವಾಗ ಮಾತ್ರ ರಕ್ತ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮನಿಂದ ಬೈಸಿಕೊಂಡೇ ಬೆಳೆದ ನಾನು ಬೇಕಾದಷ್ಟು ದೇಶ ಸುತ್ತಿದ್ದೇನೆ. 'ವಾಪಸ್ ಹೋಗ್ತೀರಿ ತಾನೇ?' ಎಂದು ಗಾಜಿನ ಕಿಟಕಿಯ ಹಿಂದಿನಿಂದ ಕೇಳಿದವರಿಗೆಲ್ಲ 'ನಿಮ್ಮೂರಿನ ಊಟ ತಿಂದ ಮೇಲೂ ಇರ್ತೀನಾ?' ಎಂದು ಮನಸ್ಸಿನಲ್ಲೇ ಉತ್ತರ ಕೊಟ್ಟಿದ್ದೇನೆ. ಹಾಗಾಗಿ ನಮ್ಮ ಸಕಲೇಶಪುರದ ಕಡೆ ಹೆತ್ತೂರಿನಿಂದ ವನಗೂರಿನವರೆಗೆ ಯಾರ ಮನೆಯಲ್ಲಿ ಪಾಸ್‌ಪೋರ್ಟಿನ ಮಾತೆದ್ದರೂ 'ಆ ದೇಶ ಸುತ್ತೋಳನ್ನ ಕರೀರಿ' ಅನ್ನುತ್ತಾರೆ. ಮದುವೆ ಊಟಕ್ಕೆ ಕರೆಯದವರೂ ವೀಸಾಕ್ಕೆ ಕರೆಯುತ್ತಾರೆ. ಇಂಥವು ಆಗುತ್ತಲೇ ಇರುತ್ತವೆ. ಆದರೆ ನನ್ನ ಅಣ್ಣನ ಮಗಳ ವಿಷಯದಲ್ಲಿ ಆದದ್ದನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ.

ಅವಳು ಮೆಚ್ಚಿದ ಹುಡುಗನ ದೇಶ ಯಾವುದೆಂದು ಬರೆಯುವುದಿಲ್ಲ. ಅವಳ ವೀಸಾ ಇನ್ನೂ ರಿನ್ಯೂ ಆಗಬೇಕು.

ಬಂಡೆ ಮೇಲಿನ ಪಾಠ

ಹುಡುಗ ತನ್ನೂರಿನಲ್ಲಿ ಸಣ್ಣದೊಂದು ಕಾಫಿ ಅಂಗಡಿ ಇಟ್ಟುಕೊಂಡವನು. ಬೀಜ ತರಿಸಿ, ತಾನೇ ಹುರಿದು ಮಾರುತ್ತಾನೆ. ಕಾಫಿ ಗಿಡದಲ್ಲಿ ಹೇಗಿರುತ್ತದೆ ನೋಡೋಣ ಎಂದು ಒಂದು ಕೊಯ್ಲಿನ ಕಾಲದಲ್ಲಿ ವನಗೂರಿನ ಕಡೆ ಬಂದ. ಅಣ್ಣನ ತೋಟದ ಕಣದಲ್ಲಿ ಕಾಫಿ ಒಣಗಿಸುವುದನ್ನು ನೋಡಿಕೊಳ್ಳುತ್ತಿದ್ದವಳು ಅವನ ಮಗಳೇ. ಹುಡುಗ ಕಾಫಿಯನ್ನು ಎಷ್ಟು ನೋಡಿದನೋ, ಅವಳನ್ನಂತೂ ಚೆನ್ನಾಗಿ ನೋಡಿಕೊಂಡು ಹೋದ.

ಆಮೇಲೆ ಶುರುವಾಯಿತು ಫೋನು. ಮನೆಯಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಸಿಗುವುದು ತೋಟದ ನೆತ್ತಿಯ ಬಂಡೆಯ ಮೇಲೆ, ಅದೂ ನಿಂತರೆ ಮಾತ್ರ. ಹುಡುಗನಿಗೋ ಕನ್ನಡ ಕಲಿಯುವ ಹಟ. ದಿನಾ ಸಂಜೆ ಇವಳು ಬಂಡೆಯ ಮೇಲೆ ನಿಂತು ಗಾಳಿಗೆ ಎದುರಾಗಿ ಕೂಗುತ್ತಿದ್ದಳು: "ಅಲ್ಲ ಅಲ್ಲ! 'ನಿನ್ನ ನೆನಪು ಬರ್ತೈತೆ' ಅನ್ನು! ಇನ್ನೊಂದ್ಸಲ!"

ಕೆಳಗೆ ಕಾಫಿ ಕುಯ್ಯುವ ಹೆಂಗಸರೆಲ್ಲ ಕೈ ನಿಲ್ಲಿಸಿ ಕೇಳುತ್ತಿದ್ದರಂತೆ. ಇವಳು ಇಳಿದು ಬರುವಾಗ, "ಏನಕ್ಕಾ, ಇವತ್ತಾದ್ರೂ ಸರಿಯಾಗಿ ನೆನಪು ಬಂತಾ ಅವರಿಗೆ?" ಅನ್ನೋರು. ಇಡೀ ತೋಟಕ್ಕೆ ಗೊತ್ತಿದ್ದ ಸಂಗತಿ ಅಣ್ಣನೊಬ್ಬನಿಗೆ ಗೊತ್ತಿರಲಿಲ್ಲ. "ಮಗಳು ಅದೇನೋ ಆನ್‌ಲೈನ್ ಕ್ಲಾಸಿಗೆ ಸೇರವ್ಳೆ ಕಣೇ" ಎಂದು ನನ್ನ ಹತ್ತಿರ ಹೆಮ್ಮೆಯಿಂದ ಹೇಳಿದ್ದ. ಕ್ಲಾಸಂತೂ ನಡೆಯುತ್ತಿತ್ತು. ಮೇಷ್ಟ್ರು ಯಾರು ಅನ್ನುವುದೊಂದನ್ನು ಅವನು ತಪ್ಪು ತಿಳಿದಿದ್ದ, ಅಷ್ಟೆ.

ಯಾವ ಜಾತಿ?

"ಅತ್ತೆ, ನೀನೇ ಅಪ್ಪಂಗೆ ಹೇಳಬೇಕು" ಅಂದಳು ಹುಡುಗಿ. ಧರ್ಮ, ಬಣ್ಣ, ಭಾಷೆ, ಊಟ ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಹೋದೆ. ಅಣ್ಣ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡ.

"ಬಿಳಿಯನಾ?"

"ಹೂಂ."

"ಕುಡೀತಾನಾ?"

"ನಿನಗಿಂತ ಕಮ್ಮಿ."

"ಏನು ಕೆಲಸ?"

"ಕಾಫಿ ಬೀಜ ಕೊಂಡು ಮಾರ್ತಾನೆ."

ಅಣ್ಣನ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. "ಬಿಳಿಯ ಅನ್ನೋದನ್ನ ಹೆಂಗೋ ಹೊಟ್ಟೆಗೆ ಹಾಕ್ಕೋಬಹುದು ಕಣೇ. ಕಾಫಿ ವ್ಯಾಪಾರಿ ಅಂತೀಯಲ್ಲ! ತೇವ ಜಾಸ್ತಿ ಐತೆ, ಕಪ್ಪು ಬೀಜ ಐತೆ ಅಂತ ವರ್ಷಾ ವರ್ಷಾ ನನ್ನ ತಲೆ ಬೋಳಿಸೋ ಜಾತಿಗೆ ಹೆಣ್ಣು ಕೊಡೋದಾ?"

ಹೆಣ್ಣು ನೋಡುವ ಶಾಸ್ತ್ರ

ಅಣ್ಣ ಒಪ್ಪುವಷ್ಟರಲ್ಲಿ ಇನ್ನೊಂದು ಕೊಯ್ಲು ಮುಗಿದಿತ್ತು. ಅಷ್ಟರಲ್ಲಿ ದೊಡ್ಡಣ್ಣ ಅಡ್ಡ ನಿಂತ. ದೊಡ್ಡಣ್ಣನೆಂದರೆ ನಮ್ಮ ಮನೆಯ ಮರ್ಯಾದೆಯ ಕಾವಲುಗಾರ. ದಾರಿಯಲ್ಲಿ ಕಂಡವರ ಮಕ್ಕಳಿಗೂ ಜೀಪು ನಿಲ್ಲಿಸಿ 'ಶರ್ಟಿನ ಗುಂಡಿ ಹಾಕೋ' ಅನ್ನುವವನು.

"ಮದುವೆ ಆಗ್ಲಿ, ಬ್ಯಾಡ ಅನ್ನಲ್ಲ. ಆದ್ರೆ ನಮ್ಮ ಮನೇಲಿ ಲವ್ವು ಗಿವ್ವು ಯಾವತ್ತೂ ಆಗಿಲ್ಲ, ಆಗೋದೂ ಇಲ್ಲ. ಇದು ನೋಡಿ ಮಾಡಿದ ಸಂಬಂಧ."

"ನೋಡಿದೋರು ಯಾರು?" ಅಂದೆ.

"ನೀನೇ. ಬೀದಿ ಸುತ್ತುವಾಗ ನಿನ್ನ ಕಣ್ಣಿಗೆ ಬಿದ್ದ ಅಂತ ಹೇಳು. ಅಷ್ಟಾದ್ರೂ ಉಪಯೋಗಕ್ಕೆ ಬಾ."

ಪಾಪದ ಹುಡುಗ, ಗೊತ್ತಿರುವ ಹುಡುಗಿಯನ್ನು ಗೊತ್ತಿಲ್ಲದವನಂತೆ ನೋಡಲು ಸಮುದ್ರ ದಾಟಿ ಬಂದ. ಹಜಾರದ ತುಂಬ ನೆಂಟರು. ಹುಡುಗಿ ತಲೆ ತಗ್ಗಿಸಿ ಕಾಫಿ ತಂದಳು. ಒಂದು ಗುಟುಕು ಕುಡಿದ ಹುಡುಗನ ಮುಖ ಹುಳ್ಳಗಾಯಿತು. ಇದೇನು ಎಂದು ಕಣ್ಣಲ್ಲೇ ನನ್ನನ್ನು ಕೇಳಿದ. "ಒಳ್ಳೇದೆಲ್ಲ ನಿಮಗೇ ಮಾರಿಬಿಡ್ತೀವಪ್ಪ, ಮನೆಗೆ ಉಳಿಯೋದು ಇದೇ" ಎಂದು ಪಿಸುಗುಟ್ಟಿದೆ.

"ಹುಡುಗೀನ ಏನಾದ್ರೂ ಕೇಳೋದಿದ್ರೆ ಕೇಳಪ್ಪ, ಸಂಕೋಚ ಬ್ಯಾಡ" ಅಂದ ದೊಡ್ಡಣ್ಣ. 'ನಿಮ್ಮ ಹೆಸರೇನು?' ಎಂದು ಕೇಳುವಂತೆ ಹಿಂದಿನ ದಿನವೆಲ್ಲ ಬಾಯಿಪಾಠ ಮಾಡಿಸಿದ್ದೆ. ಹುಡುಗ ಬೆವರಿದ, ಎದ್ದು ನಿಂತ, ಸ್ಪಷ್ಟವಾದ ಕನ್ನಡದಲ್ಲಿ ಅವಳಿಗೆ ಹೇಳಿದ: "ನಿನ್ನ ನೆನಪು ಬರ್ತೈತೆ."

ದೊಡ್ಡಣ್ಣ ಒಂದು ಕ್ಷಣವೂ ತಡೆಯಲಿಲ್ಲ. "ನೋಡಿದ್ರಾ! ಪೂರ್ವಜನ್ಮದ್ದು!"

ಮೂರನೇ ಕೈ

ಸಕಲೇಶಪುರದ ಛತ್ರದಲ್ಲಿ ಮದುವೆಯಾಯಿತು, ಕಚೇರಿಯಲ್ಲಿ ರಿಜಿಸ್ಟರೂ ಆಯಿತು. ಅಂಗಡಿ ಬಾಗಿಲು ತೆಗೆಯಬೇಕಲ್ಲ, ಹುಡುಗ ತನ್ನೂರಿಗೆ ಹೋದ. ಹೆಂಡತಿಯಾಗಿ ಅವನನ್ನು ಸೇರಿಕೊಳ್ಳಲು ಇವಳಿಗೆ ವೀಸಾ ಬೇಕು. ವೀಸಾಕ್ಕೆ ಪುರಾವೆ ಬೇಕು. ಮದುವೆಯಾಗಿದೆ ಎನ್ನುವುದಕ್ಕಲ್ಲ, ಪ್ರೀತಿ ಇದೆ ಎನ್ನುವುದಕ್ಕೆ! ಗಡಿಯಲ್ಲಿ ಪ್ರೀತಿಯನ್ನು ತೂಗುವ ತಕ್ಕಡಿ ಆ ಸರ್ಕಾರಕ್ಕೆ ಯಾರು ಕೊಟ್ಟರೋ.

ಹಾಸನದ ವೀಸಾ ಏಜೆಂಟ್ ಮದುವೆಯ ಆಲ್ಬಂ ತಿರುವಿ ಹಾಕಿದ. ಹುಡುಗಿ ನೆಲ ನೋಡುತ್ತಿದ್ದಾಳೆ, ಹುಡುಗ ಪಂಚೆ ಹಿಡಿದುಕೊಂಡಿದ್ದಾನೆ, ಪ್ರತಿಯೊಂದರಲ್ಲೂ ಇಬ್ಬರ ನಡುವೆ ದೊಡ್ಡಣ್ಣ.

"ಮೇಡಂ, ಇದನ್ನ ನೋಡಿದ್ರೆ ಮದುವೆ ಈ ಯಜಮಾನ್ರದ್ದು ಅನ್ಸುತ್ತೆ. ಹತ್ತಿರ ಹತ್ತಿರ ನಿಂತ ಫೋಟೋ ಬೇಕು. ಇಲ್ಲಾಂದ್ರೆ ಕಂಪ್ಯೂಟರಲ್ಲಿ ಸೇರಿಸಿಬಿಡೋಣ, ನಮ್ಮ ಕೆಲಸ ಹೆಂಗಿರುತ್ತೆ ನೋಡಿ" ಎಂದು ಯಾರೋ ಗಂಡಹೆಂಡತಿಯ ಫೋಟೋ ತೋರಿಸಿದ. ಹಿಂದೆ ಹಿಮದ ಬೆಟ್ಟ. ಹೆಂಡತಿಯ ಹೆಗಲ ಮೇಲೆ ಗಂಡನ ಕೈ, ಸೊಂಟದಲ್ಲಿ ಇನ್ನೊಂದು ಕೈ, ಗಲ್ಲದ ಕೆಳಗೆ ಮತ್ತೊಂದು.

"ಈ ಮೂರನೇ ಕೈ ಯಾರದಪ್ಪಾ?"

ಅವನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದ. "ಓಹೋ! ಅದಕ್ಕೇ ಇವರದ್ದು ರಿಜೆಕ್ಟ್ ಆಗಿದ್ದು ಮೇಡಂ!"

ಮರ್ಯಾದೆ ಉಳಿಯಿತು

ಅವನ ಸಹವಾಸ ಬಿಟ್ಟು ನಾವೇ ಅರ್ಜಿ ಹಾಕಿದೆವು. ಹುಡುಗ ಅಲ್ಲಿ ಇವಳ ಬಟ್ಟೆಗೆಂದು ಅರ್ಧ ಬೀರು ಖಾಲಿ ಮಾಡಿಟ್ಟು ಕಾಯುತ್ತಿದ್ದ. ಇವಳು ಇಲ್ಲಿ ಸೂಟ್‌ಕೇಸಿಗೆ ಹಪ್ಪಳ ತುಂಬುವುದು, ಮಳೆಗಾಲದ ತೇವಕ್ಕೆ ಮೆತ್ತಗಾದರೆ ತೆಗೆದು ಕರಿಯುವುದು, ಮತ್ತೆ ತುಂಬುವುದು. ಆ ಮಳೆಗಾಲವಿಡೀ ನಾವು ತಿಂದದ್ದೆಲ್ಲ ಅಳಿಯನ ಹಪ್ಪಳ.

ಒಂದು ಮಧ್ಯಾಹ್ನ ಮನೆಯ ಹಳೇ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಊಟಕ್ಕೆ ಬಂದಿದ್ದ ದೊಡ್ಡಣ್ಣ ಎತ್ತಿದ. ವೀಸಾ ಕಚೇರಿಯ ಪರವಾಗಿ ವಿಚಾರಣೆ, ಕನ್ನಡ ಬಲ್ಲ ಹೆಣ್ಣುಮಗಳೊಬ್ಬಳು. ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸಿದ್ದು ದೊಡ್ಡಣ್ಣನ ಮಾತಷ್ಟೆ.

"ಹ್ಞಾಂ, ನಾನು ಹುಡುಗಿಯ ದೊಡ್ಡಪ್ಪ... ಏನಂದ್ರಿ? ಪ್ರೀತೀನಾ? ಥೂ ಥೂ! ಯಾರಮ್ಮ ನಿನಗೆ ಹೇಳ್ದೋರು?... ಮದುವೆಗೆ ಮುಂಚೆ ಮಾತಾ? ಒಂದಕ್ಷರ ಆಡಿಲ್ಲ. ಹುಡುಗನ ಮುಖ ನೋಡಿದ್ದೇ ತಾಳಿ ಕಟ್ಟುವಾಗ... ಫೋನಾ? ನಮ್ಮ ಮನೆ ಹುಡುಗೀಗೆ ಫೋನ್ ಹಿಡಿಯೋಕೇ ಬರಲ್ಲ ಕಣಮ್ಮ!"

ಓಡಿ ಹೋಗುವಷ್ಟರಲ್ಲಿ ಫೋನಿಟ್ಟು ಮೀಸೆ ಸವರಿಕೊಂಡ. "ನಿಮ್ಮ ಹುಡುಗಿ ಲವ್ ಮಾಡವ್ಳಾ ಅಂತ ಕೇಳ್ತಾಳೆ ಕಣೇ! ಹೆಂಗೆ ಝಾಡಿಸಿದೆ ನೋಡು!"

ಸ್ವಲ್ಪ ದಿನಕ್ಕೆ ತೀರ್ಪು ಬಂತು. ಗಂಡಹೆಂಡಿರಿಗೆ ಪರಿಚಯವೇ ಇರಲಿಲ್ಲವೆಂದು ಮನೆಯ ಹಿರಿಯರೇ ಹೇಳಿದ್ದಾರೆ, ಇದು ವೀಸಾಕ್ಕಾಗಿ ಮಾಡಿಕೊಂಡ ಸುಳ್ಳು ಮದುವೆ, ಅರ್ಜಿ ತಿರಸ್ಕೃತ. ಹುಡುಗಿ ಅಳಲಿಲ್ಲ. ಸೂಟ್‌ಕೇಸ್ ತಂದು ದೊಡ್ಡಪ್ಪನ ಮುಂದೆ ಬಿಚ್ಚಿಟ್ಟು, "ಎಲ್ಲಾ ನೀವೇ ತಿನ್ನಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರ್ಯಾದೆ ಮನೆಯಲ್ಲೇ ಉಳಿಯಿತು. ಅದರ ಜೊತೆಗೆ ಮಗಳೂ ಉಳಿದಳು.

ಬಂಡೆ ಮೇಲೆ ಸಾಕ್ಷಿ

ಮತ್ತೆ ಅರ್ಜಿ. ಈ ಸಲ ಹುಡುಗನ ವಿಮಾನದ ಟಿಕೆಟ್ಟು, ಇಬ್ಬರ ಫೋನಿನ ಲೆಕ್ಕ ಎಲ್ಲ ಸೇರಿಸಿದೆವು. ಹುಡುಗಿಯ ತಂದೆಯನ್ನು ವೀಡಿಯೋದಲ್ಲಿ ವಿಚಾರಿಸುತ್ತೇವೆ ಅಂದರು. ಇದೂ ಕೈತಪ್ಪಿದರೆ ಇನ್ನು ದಾರಿಯಿಲ್ಲ ಎಂದು ಹುಡುಗಿಗೆ ಗೊತ್ತಿತ್ತು. ಇಡೀ ಸಂಸಾರ ಕೊಡೆ ಹಿಡಿದು ಬಂಡೆ ಹತ್ತಿತು. ಬರಬೇಡ ಅಂದರೂ ದೊಡ್ಡಣ್ಣ ಏದುಸಿರು ಬಿಡುತ್ತಾ ಬಂದ.

ತೆರೆಯ ಮೇಲೆ ದೊಡ್ಡಣ್ಣ ದನಿಯಲ್ಲೇ ಗುರುತು ಹಿಡಿದ ಮೊದಲಿನ ಕನ್ನಡದ ಹೆಣ್ಣುಮಗಳು, ಪಕ್ಕದಲ್ಲಿ ಮುಖ ಗಂಟಿಕ್ಕಿದ ಅಧಿಕಾರಿ. "ಅಪ್ಪಾ, ಇದ್ದದ್ದು ಹೇಳು ಸಾಕು" ಅಂದಳು ಹುಡುಗಿ.

"ಮದುವೆಗೆ ಮೊದಲು ಇವರಿಬ್ಬರ ಸಂಬಂಧ ಏನು?"

ಅಣ್ಣ ಗಂಟಲು ಸರಿಮಾಡಿಕೊಂಡ. "ಪರಿಚಯ ಇತ್ತು."

"ಪರಿಚಯ ಅಂದ್ರೆ?"

"ಮಾತುಕತೆ ನಡೀತಿತ್ತು."

"ಹುಡುಗ ಕಾಫಿ ಕೊಳ್ಳೋರು ಅಂತಿದೆ. ವ್ಯಾಪಾರದ ಮಾತುಕತೆಯಾ?"

ಅಣ್ಣನಿಗೆ ಎಲ್ಲಿ ತಗುಲಬೇಕೋ ಅಲ್ಲೇ ತಗುಲಿತು. "ವ್ಯಾಪಾರ ಅಲ್ಲ ಕಣಮ್ಮಾ!" ಎಂದು ಕಣಿವೆ ನಡುಗುವಂತೆ ಕೂಗಿದ. "ವ್ಯಾಪಾರಿ ಜೊತೆ ನಮ್ಮ ಮನೇಲಿ ಯಾರು ಮಾತಾಡ್ತಾರೆ? ಲವ್ವು! ನನ್ನ ಮಗಳು ಲವ್ ಮಾಡಿಯೇ ಮದುವೆ ಆದದ್ದು!"

ಎದುರು ಗುಡ್ಡದಲ್ಲಿ ಕಳೆ ಕೀಳುತ್ತಿದ್ದವರಲ್ಲಿ ಯಾರೋ ತಿರುಗಿ ಕೂಗಿದರು: "ಗೊತ್ತೈತೆ ಬುಡಣ್ಣೋ!"

ಹುಡುಗಿ ಅಪ್ಪನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಹಿಂದಿನ ಸಲ ಕೆಡಿಸಿದ್ದನ್ನು ಸರಿಮಾಡುವ ಹುಮ್ಮಸ್ಸಿನಲ್ಲಿ ದೊಡ್ಡಣ್ಣ ಫೋನ್ ಕಿತ್ತುಕೊಂಡುಬಿಟ್ಟ. "ಬರೀ ಲವ್ವಲ್ಲ ಕಣಮ್ಮ, ಬರ್ಕೋ! ಓಡಿ ಹೋಗ್ಬುಟ್ಟಿದ್ರು! ಜೀಪ್ ತಗೊಂಡು ಅಟ್ಟಿಸ್ಕೊಂಡು ಹೋಗಿ ಎಡಕುಮೇರಿ ಸ್ಟೇಷನ್ನಲ್ಲಿ ನಾನೇ ಹಿಡ್ಕೊಂಡು ಬಂದೆ!"

ನಾನು ಹಣೆ ಚಚ್ಚಿಕೊಂಡೆ. ಆ ಹೆಣ್ಣುಮಗಳು ನಗು ತಡೆಯಲಾರದೆ ಕ್ಯಾಮೆರಾದಿಂದ ಆಚೆ ಸರಿದಳು. ಅಧಿಕಾರಿ ಮೊದಲ ಬಾರಿಗೆ ಹಲ್ಲು ಬಿಟ್ಟು 'ಸಾಕು' ಎಂದು ಕೈ ಎತ್ತಿದ.

ವೀಸಾ ಬಂತು. ವಿಮಾನ ಹತ್ತಿಸಲು ಎಲ್ಲರೂ ಒಂದೇ ಗಾಡಿಯಲ್ಲಿ ಹೊರಟೆವು. ಹುಡುಗಿಯ ಮಡಿಲಲ್ಲಿ ಹೊಸದಾಗಿ ಒಣಗಿಸಿದ ಹಪ್ಪಳ. ಆಲೂರು ದಾಟುವವರೆಗೆ ಬಾಯಿ ಬಿಗಿಹಿಡಿದು ಕೂತಿದ್ದ ಅಣ್ಣ ಕೊನೆಗೂ ಸ್ಫೋಟಿಸಿದ.

"ಅಲ್ಲ ಕಣಣ್ಣಾ, ನನ್ನ ಮಗಳನ್ನ ಓಡಿಸಿದ್ದೇನೋ ಓಡಿಸಿದೆ. ಹೋಗೀ ಹೋಗೀ ಎಡಕುಮೇರಿಗೆ ಯಾಕೆ ಓಡಿಸಿದೆ? ಆ ಕಾಡಲ್ಲಿ ಜನ ಹತ್ತೋಕೆ ಯಾವ ರೈಲು ನಿಲ್ಲುತ್ತೆ?"

ದೊಡ್ಡಣ್ಣ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ.

"ಅದಕ್ಕೇ ಕಣೋ, ಕೈಗೆ ಸಿಕ್ಕಿದ್ದು!"